ದೀಪವಿಲ್ಲದ ಡಬ್ಬಿ

ಕಂಪ್ಯೂಟರಿನ ಮೆಮೊರಿ ಪೆನ್ನಿನ ಇಂಕಿನಂತೆ ಬಳಸಿದಷ್ಟೂ ಖಾಲಿಯಾಗುತ್ತದೆ ಎಂದು ನಾನು ಪೂರ್ತಿ ಒಂದು ವರ್ಷ ನಂಬಿದ್ದೆ. ಕೊರಿಯರ್ ಕಚೇರಿಯಲ್ಲಿ ಪಾರ್ಸೆಲ್ ನಂಬರುಗಳನ್ನು ಟೈಪು ಮಾಡುವುದು ನನ್ನ ಮೊದಲ ಕೆಲಸ. ಸೇರಿದ ದಿನವೇ ಯಾರೋ, ಈ ಮಷೀನಿನಲ್ಲಿ ಮೆಮೊರಿ ಕಡಿಮೆ, ನೋಡಿಕೊಂಡು ಬಳಸು ಅಂದಿದ್ದರು. ನಾನು ಹೇಳಿದ ಮಾತು ಕೇಳುವ ಪ್ರಾಣಿ. ಊಟಕ್ಕೆ ಎದ್ದರೆ ಆಫ್, ಚಹಾಕ್ಕೆ ಎದ್ದರೆ ಆಫ್. ಸೀನು ಬಂದರೂ ಕೈ ಸ್ವಿಚ್ಚಿನ ಕಡೆಗೇ ಹೋಗುತ್ತಿತ್ತು. ವರ್ಷದ ಕೊನೆಗೆ ಮ್ಯಾನೇಜರು ಎಲ್ಲರೆದುರು ನನ್ನನ್ನು ನಿಲ್ಲಿಸಿ, ವಿದ್ಯುತ್ ಉಳಿಸುವುದನ್ನು ಇವನನ್ನು ನೋಡಿ ಕಲಿಯಿರಿ ಎಂದು ಹೊಗಳಿ ಒಂದು ಗೋಡೆ ಗಡಿಯಾರ ಕೊಟ್ಟರು. ನಾನು ಬಾಯಿ ಬಿಡಲಿಲ್ಲ. ಗಡಿಯಾರ ಮನೆಗೆ ಬಂತು. ಕಂಪ್ಯೂಟರಿನಲ್ಲಿ ಹುಡುಗನಿಗೆ ಬಹುಮಾನ ಬಂದಿದೆ ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಅಂದಿನಿಂದ ನಾನು ಮನೆಯ ಕಂಪ್ಯೂಟರ್ ಪಂಡಿತ.

ಹಾಗಾಗಿ, ಮನೆಯಲ್ಲೇ ವಿಡಿಯೊ ಎಡಿಟಿಂಗ್ ಮಾಡಲು ತನಗೊಂದು ಕಂಪ್ಯೂಟರ್ ಬೇಕು ಎಂದು ಚಿಕ್ಕಮ್ಮ ಒಂದು ಭಾನುವಾರ ಹೇಳಿದಾಗ ಎಲ್ಲರೂ ತಿರುಗಿ ನೋಡಿದ್ದು ನನ್ನನ್ನೇ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ವಯಸ್ಸು ನಲವತ್ತೊಂಬತ್ತು. ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ನಮ್ಮ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಇರುತ್ತಾಳೆ, ಬಾಡಿಗೆ ಕೊಟ್ಟು. ನಾದಿನಿಯಿಂದ ಬಾಡಿಗೆ ತೆಗೆದುಕೊಳ್ಳುವುದೇ ಎಂದು ಅಪ್ಪ ಸಂಕೋಚಪಟ್ಟಾಗ, ಹಾಗಾದರೆ ಬೇರೆ ಮನೆ ನೋಡುತ್ತೇನೆ ಎಂದು ಪೆಟ್ಟಿಗೆ ಕಟ್ಟಿಕೊಂಡು ಮೆಟ್ಟಿಲಿಳಿದು ಗೇಟಿನಲ್ಲಿ ನಿಂತವಳು ಅವಳು. ಅಪ್ಪ ತೆಪ್ಪಗೆ ತೆಗೆದುಕೊಂಡರು.

ಅವಳ ಶಾಲೆಯಲ್ಲಿ ಮಕ್ಕಳು ಬಾಯಿಂದಲೇ ಮಾತಾಡಬೇಕು ಎಂದು ಟೀಚರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿ ಕೂರಿಸುತ್ತಿದ್ದರಂತೆ. ಎಂಟು ವರ್ಷ ಹಾಗೆ ಕೂತು ಅವಳು ಎರಡು ವಿದ್ಯೆ ಕಲಿತಳು. ಒಂದು, ಎದುರಿನವರ ತುಟಿ ಓದುವುದು. ಇನ್ನೊಂದು, ಬೆನ್ನ ಹಿಂದೆಯೇ ಬೆರಳಾಡಿಸಿ ಹಿಂದಿನ ಬೆಂಚಿನವಳಿಗೆ ಟೀಚರ ಬಗ್ಗೆ ಚಾಡಿ ಹೇಳುವುದು. ಹತ್ತೊಂಬತ್ತಕ್ಕೆ ಪುಸ್ತಕದ ಪ್ರೆಸ್ಸಿನ ಬೈಂಡಿಂಗ್ ವಿಭಾಗಕ್ಕೆ ಸೇರಿದಳು. ಮಷೀನಿನ ಗದ್ದಲ ಇವರನ್ನು ಕಾಡುವುದಿಲ್ಲ, ಹರಟೆ ಹೊಡೆದು ಕೆಲಸವನ್ನೂ ಕೆಡಿಸುವುದಿಲ್ಲ ಎಂಬ ಅಂದಾಜಿನಲ್ಲಿ ಮಾಲೀಕರು ನಾಲ್ವರು ಕಿವುಡ ಹೆಣ್ಣುಮಕ್ಕಳನ್ನು ತೆಗೆದುಕೊಂಡಿದ್ದರು. ಅಂದಾಜಿನ ಮೊದಲರ್ಧ ಸರಿಯಾಗಿತ್ತು. ಕೇಳಿಸುವವರು ಆ ಗದ್ದಲದಲ್ಲಿ ಗಂಟಲು ಹರಿದುಕೊಂಡು ಒಂದು ಮಾತು ಮುಟ್ಟಿಸುವಷ್ಟರಲ್ಲಿ ಈ ನಾಲ್ವರು ವಿಭಾಗದ ಆ ಮೂಲೆಯಿಂದ ಈ ಮೂಲೆಗೆ ಮದುವೆ, ಮೈನೋವು, ಮಾಲೀಕರ ಹೊಸ ಅಂಗಿ ಎಲ್ಲವನ್ನೂ ಹರಟಿ ಮುಗಿಸುತ್ತಿದ್ದರು.

ಚಿಕ್ಕಮ್ಮನದು ಚೆಕಿಂಗ್ ಕೆಲಸ. ಬೈಂಡ್ ಆಗಿ ಬಂದ ರಾಶಿಯಿಂದ ಪ್ರತಿ ಐವತ್ತನೆಯ ಪುಸ್ತಕವನ್ನು ಎತ್ತಿ, ನಡುವಿನ ಒಂದೇ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು, ಇಡೀ ಪುಸ್ತಕವನ್ನು ಗಾಳಿಯಲ್ಲಿ ನೇತಾಡಿಸುತ್ತಾಳೆ. ಹಾಳೆ ಕಿತ್ತು ಬಂದರೆ ಇಡೀ ರಾಶಿ ವಾಪಸ್. ಲೇಖಕರು ಎಷ್ಟೇ ದೊಡ್ಡವರಿರಲಿ, ಅವಳ ಕೈಯಲ್ಲಿ ನೇತಾಡಿಯೇ ಹೊರಗೆ ಹೋಗಬೇಕು. ಅವಳ ಗೆಳತಿಯರ ಕೈಮಾತಿನಲ್ಲಿ ಅವಳ ಹೆಸರೂ ಅದೇ: ಎರಡು ಬೆರಳು ಚಿವುಟಿ ಮೇಲೆತ್ತುವುದು.

ಕಂಪ್ಯೂಟರ್ ಯಾಕೆ ಬೇಕಾಯಿತು ಎಂಬುದಕ್ಕೆ ಒಂದು ಬೆರಳಿನ ಕತೆಯಿದೆ. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಹಳೆಯ ಮಷೀನೊಂದಿದೆ. ಒಬ್ಬರು ಕಾಗದದ ಕಟ್ಟನ್ನು ಒಳಗೆ ಹೊಂದಿಸಬೇಕು, ಇನ್ನೊಬ್ಬರು ಹಿಡಿ ಎಳೆಯಬೇಕು, ಬ್ಲೇಡು ಇಳಿಯುತ್ತದೆ. ಮೂವತ್ತು ವರ್ಷದಲ್ಲಿ ನಾಲ್ವರೂ ಸೇರಿ ಆ ವಿಭಾಗದ ಕೆಲಸಕ್ಕೆಂದೇ ಹತ್ತೊಂಬತ್ತು ಸನ್ನೆ ಕಟ್ಟಿಕೊಂಡಿದ್ದಾರೆ. ‘ಬ್ಲೇಡ್ ಬಿಡು’ ಎನ್ನಲು ಅಂಗೈಯನ್ನು ನೇರ ಕೆಳಗಿಳಿಸುತ್ತಾರೆ. ‘ಬಿಡಬೇಡ, ಕೈ ಒಳಗಿದೆ’ ಎನ್ನಲೂ ಅಂಗೈ ಹಾಗೆಯೇ ಇಳಿಯುತ್ತದೆ, ಕೊನೆಯಲ್ಲಿ ಮಾತ್ರ ಮಣಿಕಟ್ಟು ಚಕ್ಕನೆ ಹೊರಳುತ್ತದೆ. ರೆಪ್ಪೆ ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುವ ಹೊರಳು ಅದು. ಆರು ವರ್ಷದ ಹಿಂದೆ ಹೊಸ ಸೂಪರ್‌ವೈಸರ್ ಒಬ್ಬರು, ತಾನೂ ಸನ್ನೆ ಕಲಿತೆ ಎಂಬ ಹುರುಪಿನಲ್ಲಿ ‘ಬಿಡಬೇಡ’ ಎನ್ನಲು ಹೋಗಿ ಮಣಿಕಟ್ಟು ಹೊರಳಿಸುವುದನ್ನು ಮರೆತರು. ಕಾಗದ ಮಡಿಸುವ ಅಕ್ಕ ಎಂದು ನಾವು ಕರೆಯುವ ಚಿಕ್ಕಮ್ಮನ ಗೆಳತಿಯ ಉಂಗುರದ ಬೆರಳಿನ ತುದಿ ಹೋಯಿತು. ವರದಿಯಲ್ಲಿ ‘ಕೆಲಸಗಾರ್ತಿಯ ಅಜಾಗರೂಕತೆ’ ಎಂದು ಬರೆದರು.

ಈ ವರ್ಷ ಅದೇ ಪ್ರೆಸ್ಸಿಗೆ ಹನ್ನೆರಡು ಕಿವುಡ ಹುಡುಗಿಯರು ಹೊಸದಾಗಿ ಬರುವವರಿದ್ದರು. ಅವರನ್ನು ತಯಾರು ಮಾಡುತ್ತಿದ್ದ ತರಬೇತಿ ಕೇಂದ್ರದಲ್ಲಿ ಸುರಕ್ಷತೆಯ ಪಾಠಕ್ಕೆಂದು ಕಂಪನಿ ಕಳಿಸಿದ್ದ ವಿಡಿಯೊದಲ್ಲಿ, ಟೈ ಕಟ್ಟಿದ ಒಬ್ಬ ಮನುಷ್ಯ ನಲವತ್ತು ನಿಮಿಷ ಮಾತಾಡುತ್ತಾನೆ. ಮೀಸೆ ದಪ್ಪ, ತುಟಿಯೂ ಕಾಣುವುದಿಲ್ಲ. ಚಿಕ್ಕಮ್ಮ ಕೇಂದ್ರದ ಮುಖ್ಯಸ್ಥೆಯ ಬಳಿ ಹೋಗಿ, ಪಾಠ ನಾವು ಮಾಡಿಕೊಡುತ್ತೇವೆ ಎಂದಳು. ಹುಡುಗಿಯರು ಮಷೀನಿನ ಮುಂದೆ ನಿಲ್ಲುವ ಮೊದಲು ಕೈಗೆ ಬಂದರೆ ನಿಮ್ಮದು, ಇಲ್ಲದಿದ್ದರೆ ಟೈ ಮನುಷ್ಯನದು ಎಂದರು ಆಕೆ. ಐದು ವಾರ ಉಳಿದಿತ್ತು.

ಮುಚ್ಚಿಹೋದ ಸ್ಟುಡಿಯೊ ಒಂದರಿಂದ ಹಳೆಯ ಕ್ಯಾಮೆರಾ ಕೊಂಡು, ಸೆಕೆಂಡಿಗೆ ಅರವತ್ತು ಚಿತ್ರ ಹಿಡಿಯುವಂತೆ ಇಟ್ಟು, ನಾಲ್ವರೂ ಎರಡು ಭಾನುವಾರ ಶೂಟಿಂಗ್ ಮುಗಿಸಿದ್ದರು. ಆದರೆ ಮನೆಯ ಹಳೆಯ ಲ್ಯಾಪ್‌ಟಾಪಿಗೆ ಅದನ್ನು ಹಾಕಿದರೆ ಚಿತ್ರ ಕುಂಟುತ್ತಿತ್ತು. ಅಂಗೈ ಮೇಲಿರುತ್ತದೆ, ಆಮೇಲೆ ಕೆಳಗಿರುತ್ತದೆ, ನಡುವಿನದು ಮಾಯ. ಮಣಿಕಟ್ಟಿನ ಹೊರಳು ಕಾಣುವುದೇ ಇಲ್ಲ. ಎಲ್ಲಿ ಕತ್ತರಿಸಬೇಕೆಂದು ಅವಳಿಗೆ ತಿಳಿಯದು.

ಪಂಡಿತನಾದ ನಾನು ಗಂಭೀರವಾಗಿ ಯೋಚಿಸಿ ಮೊದಲ ಸಲಹೆ ಕೊಟ್ಟೆ. ವಿಡಿಯೊ ಅಂದರೆ ಅರ್ಧ ಚಿತ್ರ, ಅರ್ಧ ಶಬ್ದ. ನಿನ್ನ ವಿಡಿಯೊದಲ್ಲಿ ಶಬ್ದವೇ ಇಲ್ಲ. ಆದ್ದರಿಂದ ನಿನಗೆ ಅರ್ಧ ಕಂಪ್ಯೂಟರ್ ಸಾಕು.

ಚಿಕ್ಕಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳ ಕೈ ಮಾತಾಡಿತು. ಅವಳ ಕೈಮಾತನ್ನು ಇಲ್ಲಿ ಬಾಯಿಮಾತಾಗಿ ಬರೆಯುತ್ತೇನೆ. ರುಚಿ ಸ್ವಲ್ಪ ಕಡಿಮೆಯಾದೀತು.

“ನಿಂಗೆ ಗಡಿಯಾರ ಕೊಟ್ಟವರು ಯಾರೋ?”

ಎರಡನೆಯ ಸಲಹೆಯನ್ನು ಹೆದರಿಕೊಂಡೇ ಕೊಟ್ಟೆ. ಅಷ್ಟು ಕಷ್ಟವಾದರೆ ಆ ಎರಡು ಸನ್ನೆಗಳನ್ನೇ ಬೇರೆ ಬೇರೆ ಮಾಡಿಕೊಳ್ಳಬಾರದೇ?

“ನಿಮ್ಮ ಬಾಯಲ್ಲಿ ಬಿಡು, ಬಿಡಬೇಡ ಎರಡೂ ಒಂದೇ ತರ ಶುರುವಾಗಲ್ವಾ? ಮೊದಲು ಅದನ್ನ ಬದಲಾಯಿಸ್ಕೊಂಡು ಬಾ. ಆಮೇಲೆ ನಮ್ದು ನೋಡೋಣ.”

ಹೀಗೆ ಪಂಡಿತನ ಮಾನ ಮನೆಯಲ್ಲೇ ಹೋದ ಮೇಲೆ ಇಬ್ಬರೂ ಅಂಗಡಿಗೆ ಹೋದೆವು. ಮೂರು ಮಹಡಿಯ ಕಟ್ಟಡದ ನಡುವಿನ ಮಹಡಿ. ಗೋಡೆಯುದ್ದಕ್ಕೂ ಗಾಜಿನ ಕ್ಯಾಬಿನೆಟ್ಟುಗಳು, ಒಳಗೆ ಕೆಂಪು ನೀಲಿ ಹಸಿರು ದೀಪಗಳು ಓಡಾಡುತ್ತಿದ್ದವು. ನನಗಂತೂ ಕಣ್ಣು ತುಂಬಿ ಬಂತು. ಅಂಗಡಿಯವರು ಐವತ್ತರ ಆಸುಪಾಸಿನ ನಗುಮುಖದ ಮನುಷ್ಯ. ಚಿಕ್ಕಮ್ಮನಿಗೆ ಕಿವಿ ಕೇಳಿಸದು ಎಂದು ತಿಳಿದ ಕ್ಷಣದಿಂದ ಅವರ ಪಾಲಿಗೆ ಅವಳು ಅಲ್ಲಿ ಇರಲಿಲ್ಲ. ಎಲ್ಲ ಮಾತೂ ನನ್ನ ಜೊತೆಗೇ. ಆಂಟಿಗೆ ಏನು ಬೇಕಂತೆ, ಆಂಟಿಗೆ ಎಷ್ಟರಲ್ಲಿ ಬೇಕಂತೆ. ಚಿಕ್ಕಮ್ಮ ನಡೆದು ಬಂದು ನನ್ನ ಮತ್ತು ಅವರ ನಡುವೆ ನಿಂತಳು. ಅವರು ಪಕ್ಕಕ್ಕೆ ಬಾಗಿ ನನ್ನ ಜೊತೆ ಮಾತಾಡಲು ನೋಡಿದರು. ಅವಳೂ ಅದೇ ಪಕ್ಕಕ್ಕೆ ಬಾಗಿದಳು. ನಾಲ್ಕೈದು ಸಲ ಹೀಗೆ ಬಾಗಾಟ ನಡೆದು ಕೊನೆಗೆ ಅವರೇ ನೆಟ್ಟಗೆ ನಿಂತು ಅವಳ ಮುಖ ನೋಡಿ ಮಾತಾಡತೊಡಗಿದರು.

ಅವರು ತೋರಿಸಿದ್ದು ಅಂಗಡಿಯಲ್ಲೇ ದೊಡ್ಡದಾದ ಗಾಜಿನ ಡಬ್ಬಿ. ಒಳಗೆ ಇಟ್ಟಿಗೆ ಗಾತ್ರದ ಗ್ರಾಫಿಕ್ಸ್ ಕಾರ್ಡು. ಕಾರ್ಡು ಹೇಗೂ ಇದೆಯಲ್ಲ ಎಂದು ಪ್ರೊಸೆಸರಿನಲ್ಲಿ, ಅಂದರೆ ಕಂಪ್ಯೂಟರಿನ ತಲೆಯಲ್ಲಿ, ಚಿತ್ರ ತೋರಿಸುವ ಭಾಗವೇ ಇಲ್ಲದ ಅಗ್ಗದ ಮಾದರಿ ಹಾಕಿದ್ದರು. ಜಾಣತನ ಎಂದು ನಾನು ತಲೆಯಾಡಿಸಿದೆ. ಸದ್ದು ಮಾಡದ ವಿಶೇಷ ಫ್ಯಾನು ಬೇರೆ. ಅದಕ್ಕೆ ಬೇರೆ ಬೆಲೆ. ಒಂದು ಜೊತೆ ಸ್ಪೀಕರ್ ಉಚಿತ. ಉಚಿತವಾಗಿ ಸ್ಪೀಕರ್ ಕೊಡುತ್ತಾರಂತೆ ಎಂದು ನಾನು ಅವಳಿಗೆ ಕೈಮಾತಿನಲ್ಲಿ ಹೇಳಿದೆ. ಹೇಳಿ ಮುಗಿಸಿದ ಮೇಲೆ ನನಗೇ ಕೇಳಿಸಿತು ನಾನು ಏನು ಹೇಳಿದೆ ಎಂದು.

ಡೆಮೊ ಎಂದು ಒಂದು ಆಟ ಓಡಿಸಿದರು. ಕುದುರೆ, ಬೆಂಕಿ, ಸೇತುವೆ ಕುಸಿತ, ಕೂದಲೆಳೆಯಷ್ಟೂ ಕುಂಟಲಿಲ್ಲ. ಚಿಕ್ಕಮ್ಮ ಜೇಬಿನಿಂದ ತನ್ನ ಪುಟ್ಟ ಹಾರ್ಡ್ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟಳು. ಇದನ್ನು ಓಡಿಸಿ ತೋರಿಸಿ ಎಂದು ನನ್ನ ಬಾಯಲ್ಲಿ ಹೇಳಿಸಿದಳು. ಅವರು, ಅದೆಲ್ಲ ಅಂಗಡಿಯಲ್ಲಿ ಆಗುವುದಿಲ್ಲ, ನಂಬಿಕೆ ಇಡಿ ಎಂದರು. ಅವಳು ಒಂದು ಕುರ್ಚಿ ಎಳೆದುಕೊಂಡು ಡಬ್ಬಿಯ ಮುಂದೆ ಕೂತಳು. ಕೂತೇ ಇದ್ದಳು. ಹಿಂದೆ ಬಂದ ಗಿರಾಕಿಗಳು ಅವಳನ್ನು ಬಳಸಿಕೊಂಡು ಓಡಾಡಿದರು. ಅರ್ಧ ಗಂಟೆಯ ಮೇಲೆ ಅಂಗಡಿಯವರು ನಿಟ್ಟುಸಿರು ಬಿಟ್ಟು ಡಿಸ್ಕ್ ಸಿಕ್ಕಿಸಿದರು.

ಮಡಿಸುವ ಅಕ್ಕನ ಅಂಗೈ ಮೇಲಿತ್ತು. ಆಮೇಲೆ ಕೆಳಗಿತ್ತು. ನಡುವೆ ಏನೂ ಇರಲಿಲ್ಲ.

ಇನ್ನೊಮ್ಮೆ ಓಡಿಸಿದರು, ಮತ್ತೆ ಅದೇ. ಕುದುರೆಗಳನ್ನೆಲ್ಲ ಓಡಿಸಿದ ಆ ಇಟ್ಟಿಗೆ, ಆ ದೀಪಗಳು, ಎಲ್ಲವೂ ಒಬ್ಬ ಹೆಂಗಸಿನ ಮಣಿಕಟ್ಟಿನ ಮುಂದೆ ಮುಗ್ಗರಿಸಿದವು. ಅಂಗಡಿಯವರು ನನ್ನ ಕಡೆ ತಿರುಗಿ ಮೆಲ್ಲಗೆ, ಇವರ ವಿಡಿಯೊನೇ ಸರಿಯಿಲ್ಲ ಅನಿಸುತ್ತದೆ ಎಂದರು. ಮೆಲ್ಲಗೆ ಹೇಳಿದರೆ ಅವಳಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದರು ಪಾಪ. ತುಟಿ ಓದುವವರಿಗೆ ಮೆಲ್ಲಗೆ ಎಂಬುದಿಲ್ಲ.

ಚಿಕ್ಕಮ್ಮ ಡಿಸ್ಕ್ ಕಿತ್ತುಕೊಂಡು ಎದ್ದಳು. ಮನೆಗೆ ಹೊರಟಳೆಂದು ನಾನೂ ಚಪ್ಪಲಿ ಹುಡುಕಿದೆ. ಅವಳು ಹೋದದ್ದು ಬಾಗಿಲ ಕಡೆಗಲ್ಲ, ಮೂಲೆಯಲ್ಲಿದ್ದ ಬಿಲ್ಲಿನ ಮೇಜಿಗೆ. ಅಲ್ಲಿ ಕನ್ನಡಕದ ಹೆಂಗಸೊಬ್ಬರು ಧೂಳು ಹಿಡಿದ ಕಪ್ಪು ತಗಡಿನ ಡಬ್ಬಿಯೊಂದರಲ್ಲಿ ಬಿಲ್ಲು ಮಾಡುತ್ತಿದ್ದರು. ಚಿಕ್ಕಮ್ಮ ಡಿಸ್ಕ್ ತೋರಿಸಿ, ಹಾಕಲೇ ಎಂದು ಹುಬ್ಬೆತ್ತಿದಳು. ಆ ಹೆಂಗಸಿಗೂ ದಿನವಿಡೀ ಬಿಲ್ಲು ಬರೆದು ಬೇಸರ ಬಂದಿರಬೇಕು. ಹಾಕಿ ಎಂದು ಕುರ್ಚಿ ಸರಿಸಿದರು.

ಅಂಗೈ ಇಳಿಯಿತು. ಇಳಿದು, ಚಕ್ಕನೆ, ಮಣಿಕಟ್ಟು ಹೊರಳಿತು. ನೀರು ಹರಿದಂತೆ.

ಪರದೆಯ ಮೇಲೆ ಚಿಕ್ಕಮ್ಮ ಮೊಟಕು ಬೆರಳನ್ನೂ ಸೇರಿಸಿ ಗೆಳತಿಯ ಬೆರಳುಗಳನ್ನು ಎಣಿಸಿದಳು. ಎಲ್ಲ ಕಾಣುತ್ತಿದ್ದವು. ಅಂಗಡಿಯವರು ಓಡಿಬಂದು ಆ ಡಬ್ಬಿಯ ಹಿಂದೆ ಮುಂದೆ ನೋಡಿ ತಲೆ ಕೆರೆದುಕೊಂಡರು. ನಿಧಾನವಾಗಿ ಕಾರಣ ಹೊರಬಂತು. ಅವಳ ಕ್ಯಾಮೆರಾ ಚಿತ್ರಗಳನ್ನು ಒಂದು ವಿಚಿತ್ರ ರೀತಿಯಲ್ಲಿ ಒತ್ತಿ ಕಟ್ಟಿಡುತ್ತದೆ. ಆ ಕಟ್ಟನ್ನು ಸಲೀಸಾಗಿ ಬಿಚ್ಚುವ ಭಾಗ ಇರುವುದು ಅಂಥ ಸಾಧಾರಣ ಪ್ರೊಸೆಸರಿನೊಳಗಿನ ಚಿತ್ರದ ಭಾಗದಲ್ಲೇ. ಆ ಭಾರಿ ಕಾರ್ಡಿಗೆ ಅದು ಬಾರದು. ನಾನು ಜಾಣತನ ಎಂದು ತಲೆಯಾಡಿಸಿದ್ದೆನಲ್ಲ, ಆ ಅಗ್ಗದ ಮಾದರಿಯಲ್ಲಿ ಕಿತ್ತುಹಾಕಿದ್ದು ಅವಳಿಗೆ ಬೇಕಾದ ಭಾಗವನ್ನೇ.

ಇನ್ನು ಅವಳನ್ನು ಹಿಡಿಯುವವರಿಲ್ಲ. ಕಾಗದದ ಮೇಲೆ ಬರೆದು ಕೊಟ್ಟಳು. ಈ ಬಿಲ್ಲಿನ ಮೇಜಿನ ಪ್ರೊಸೆಸರಿನ ಅಣ್ಣನಂಥದು ಒಂದು. ಕಾರ್ಡು ಬೇಡ. ಗಾಜು ಬೇಡ, ದೀಪ ಬೇಡ. ಅದರಲ್ಲಿ ಉಳಿದ ದುಡ್ಡಿಗೆ ಮೆಮೊರಿ ಎರಡರಷ್ಟು. ವೇಗದ ಡಿಸ್ಕ್ ಒಂದು, ನಕಲು ಇಡಲು ದೊಡ್ಡ ಡಿಸ್ಕ್ ಇನ್ನೊಂದು. ಸದ್ದು ಮಾಡುವ ಫ್ಯಾನೇ ಸಾಕು, ಗಾಳಿ ಜಾಸ್ತಿ ಬರಲಿ. ಸ್ಪೀಕರ್ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ.

ಅಂಗಡಿಯವರಿಗೆ ನಿಜಕ್ಕೂ ನೋವಾಯಿತು. ವ್ಯಾಪಾರ ಹೋಯಿತೆಂಬ ನೋವಲ್ಲ; ತಾನು ಮೆಚ್ಚಿದ ಮಾಲನ್ನು ಬೇಡವೆನಿಸಿಕೊಂಡವರ ನೋವು. “ಎಡಿಟಿಂಗ್‌ಗೆ ಅಂತ ಕಾರ್ಡಿಲ್ದೆ ಡಬ್ಬಿ ಕೊಟ್ರೆ ಜನ ನಗ್ತಾರೆ ಮೇಡಂ,” ಎಂದರು. ಆಂಟಿ ಹೋಗಿ ಮೇಡಂ ಬಂದಿತ್ತು.

“ನಗ್ಲಿ. ನಂಗೆ ಕೇಳ್ಸಲ್ಲ.”

ನಾನು ಅದನ್ನು ಬಾಯಲ್ಲಿ ಹೇಳುವ ಮೊದಲೇ ಬಿಲ್ಲಿನ ಹೆಂಗಸು ನಕ್ಕುಬಿಟ್ಟರು. ಹೇಗೆ ತಿಳಿಯಿತೋ.

ಬಿಡಿಭಾಗಗಳು ಡಬ್ಬಗಳಲ್ಲಿ ಮನೆಗೆ ಬಂದವು. ಜೋಡಿಸಲು ನಾನು ಸ್ಕ್ರೂಡ್ರೈವರ್ ಹಿಡಿದು ಸಿದ್ಧನಾದೆ. ಅವಳು ಅದನ್ನು ಕಸಿದುಕೊಂಡಳು. ಮೂವತ್ತು ವರ್ಷ ಬೈಂಡಿಂಗಿನಲ್ಲಿ ಪಳಗಿದ ಕೈಗೆ ಪ್ರೊಸೆಸರಿನ ಮೇಲೆ ಬಿಸಿ ಎಳೆಯುವ ಪೇಸ್ಟನ್ನು ಬಟಾಣಿಯಷ್ಟು ಇಡುವುದು ಯಾವ ಲೆಕ್ಕ? ಶುರು ಮಾಡಿದಾಗ ಫ್ಯಾನು ಹಿಟ್ಟಿನ ಗಿರಣಿಯಂತೆ ಗರಗರ ಎಂದಿತು. ಮಹಡಿಯ ಮೇಲೆ ಏನೋ ಉರುಳಿತೆಂದು ಅಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು. ಚಿಕ್ಕಮ್ಮ ಡಬ್ಬಿಯ ನೆತ್ತಿಯ ಮೇಲೆ ಅಂಗೈ ಇಟ್ಟು, ನಡುಕ ಸಮವಾಗಿದೆಯೇ ನೋಡಿ, ಸರಿಯಿದೆ ಎಂದು ತಲೆಯಾಡಿಸಿದಳು. ಇದೇನೇ ಇಷ್ಟು ಗಲಾಟೆ ಎಂದು ಅಮ್ಮ ಕೇಳಿದ್ದಕ್ಕೆ, ನನ್ನ ಕೋಣೆಯಲ್ಲಿ ಗಲಾಟೆಯೇ ಇಲ್ಲವಲ್ಲ ಎಂದಳು. ಅಮ್ಮ ಕೆಳಗೆ ಹೋಗಿ ಟೀವಿಯ ಸದ್ದು ಜೋರು ಮಾಡಿದಳು.

ಪ್ರೆಸ್ಸಿನ ಕೆಲಸ ಮುಗಿಸಿ ಬಂದು, ಬೆಳಕಿರುವಷ್ಟು ಹೊತ್ತು ಕಿಟಕಿಯ ಬಳಿ ಕೂತು ಅವಳು ಎಡಿಟಿಂಗ್ ಮಾಡುತ್ತಿದ್ದಳು. ನಾನೂ ಸಹಾಯಕ್ಕೆ ನಿಂತೆ. ಕೈ ಚೆನ್ನಾಗಿ ಕಾಣಲಿ ಎಂದು ಒಂದು ದೃಶ್ಯದಲ್ಲಿ ಮುಖ ತೆಗೆದು ಬರೀ ಕೈಗಳನ್ನು ದೊಡ್ಡದು ಮಾಡಿಟ್ಟೆ. ಅದು ಮಡಿಸುವ ಅಕ್ಕ ‘ಬ್ಲೇಡ್ ಬಿಡಲಾ?’ ಎಂದು ಕೇಳುವ ದೃಶ್ಯ. ಕೇಳುವುದು ಹುಬ್ಬಿನಲ್ಲಿದೆ. ಹುಬ್ಬನ್ನು ನಾನು ಕತ್ತರಿಸಿ ಎಸೆದಿದ್ದರಿಂದ ಆಕೆ ಕೇಳುವುದು ಬಿಟ್ಟು ‘ಬ್ಲೇಡ್ ಬಿಡು’ ಎಂದು ಅಪ್ಪಣೆ ಕೊಡುತ್ತಿದ್ದರು. ಚಿಕ್ಕಮ್ಮ ಮಡಿಸುವ ಅಕ್ಕನನ್ನು ಕರೆಸಿ, ನಾನು ಮಾಡಿದ್ದನ್ನು ಅವರಿಗೆ ತೋರಿಸಿದಳು. ಮಡಿಸುವ ಅಕ್ಕ ಮೊಟಕು ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದು, ಉಳಿದ ಒಂಬತ್ತನ್ನೂ ಆಡಿಸಿ, ಬೇಕಾ ನಿನಗೆ ಎಂದು ಕೇಳಿದರು. ಅಂದಿನಿಂದ ನಾನು ಚಹಾ ತಂದುಕೊಡುವ ಸಹಾಯ ಮಾತ್ರ ಮಾಡಿದೆ.

ಹನ್ನೊಂದು ನಿಮಿಷದ ಪಾಠ ಗಡುವಿಗೆ ಎರಡು ದಿನ ಇರುವಾಗ ಮುಗಿಯಿತು. ಮುಖ್ಯಸ್ಥೆ ನೋಡಿ, ಚೆನ್ನಾಗಿದೆ, ಆದರೆ ಹಿನ್ನೆಲೆಗೆ ಒಂದು ಸಂಗೀತ, ಮೊದಲಿಗೆ ತಮ್ಮದೊಂದು ನಾಲ್ಕು ಮಾತು ಸೇರಿಸಿದರೆ ಕಳೆ ಬರುತ್ತದೆ ಎಂದರು. ಚಿಕ್ಕಮ್ಮ ಎರಡೂ ಇಲ್ಲ ಎಂದಳು. ಹಾಗಿದ್ದರೆ ಕಂಪನಿಯ ಸುರಕ್ಷತಾ ಅಧಿಕಾರಿ ಬಂದು ನೋಡಿ ಒಪ್ಪಬೇಕು ಎಂದರು ಮುಖ್ಯಸ್ಥೆ. ಒಪ್ಪದಿದ್ದರೆ ಟೈ ಮನುಷ್ಯ.

ಅಧಿಕಾರಿ ಬರುವ ದಿನ ಬೆಳಗ್ಗೆ ಕೇಂದ್ರದ ಹಳೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ಚಿತ್ರ ಮತ್ತೆ ಕುಂಟಿತು. ಇಷ್ಟು ಸಾಕು, ಅರ್ಥವಾಗುತ್ತದಲ್ಲ ಎಂದರು ಮುಖ್ಯಸ್ಥೆ. ಚಿಕ್ಕಮ್ಮ ನನ್ನನ್ನೂ ಎಳೆದುಕೊಂಡು ಆಟೊ ಹಿಡಿದು ಮನೆಗೆ ಬಂದು, ತಗಡಿನ ಡಬ್ಬಿಯನ್ನು ಹೊದಿಕೆಯಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು ವಾಪಸ್ ಹೊರಟಳು. ದಾರಿಯುದ್ದಕ್ಕೂ ಪ್ರತಿ ಗುಂಡಿಗೂ ಅದರ ನೆತ್ತಿ ನೇವರಿಸುತ್ತಿದ್ದಳು. ಪಾಪುಗೆ ಹುಷಾರಿಲ್ವಾ ಎಂದು ಆಟೊದವರು ನನ್ನನ್ನು ಕೇಳಿದರು. ಎಡಿಟಿಂಗ್ ಎಂದೆ.

ಉದ್ದನೆಯ ಕೋಣೆ, ಹನ್ನೆರಡು ಹುಡುಗಿಯರು, ಬಿಳಿ ಗೋಡೆ. ಮುಂದಿನ ಸಾಲಿನಲ್ಲಿ ಅಧಿಕಾರಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಪ್ರೊಜೆಕ್ಟರಿಗೆ ಸಿಕ್ಕಿಸಿದ ಡಬ್ಬಿ ಗರಗರ ಎಂದಿತು. ಕೋಣೆಯಲ್ಲಿ ಅದರಿಂದ ಮುಖ ಸಿಂಡರಿಸಿದವರು ಮೂವರೇ: ಅಧಿಕಾರಿ, ಮುಖ್ಯಸ್ಥೆ, ನಾನು. ಹನ್ನೊಂದು ನಿಮಿಷ ಹತ್ತೊಂಬತ್ತು ಸನ್ನೆಗಳು ಗೋಡೆಯ ಮೇಲೆ ಒಂದಾದ ಮೇಲೊಂದು ಬಂದವು. ಮಡಿಸುವ ಅಕ್ಕ ತಮ್ಮ ಬೆರಳಿನ ಕತೆ ಹೇಳುವಾಗ ಹುಡುಗಿಯರು ಕುರ್ಚಿಯ ತುದಿಗೆ ಬಂದಿದ್ದರು.

ಮುಗಿದ ಮೇಲೆ ಅಧಿಕಾರಿ, ಇವರಿಗೆ ಎಷ್ಟು ತಿಳಿದಿದೆ ನೋಡೋಣ ಎಂದರು. ಚಿಕ್ಕಮ್ಮ ಹನ್ನೆರಡೂ ಜನರನ್ನು ಉದ್ದನೆಯ ಮೇಜಿನ ಸುತ್ತ ನಿಲ್ಲಿಸಿ, ಅಂಗೈಗಳನ್ನು ಮೇಜಿನ ಮೇಲಿಡಲು ಹೇಳಿದಳು. ತಾನು ದೂರದ ಬಾಗಿಲಲ್ಲಿ ನಿಂತಳು. ಅಂಗೈ ಇಳಿಸಿದಳು, ನೇರವಾಗಿ. ಹನ್ನೆರಡು ಜೋಡಿ ಕೈ ಒಮ್ಮೆಗೇ ಮೇಜು ಬಿಟ್ಟು ಹಿಂದೆ ಸರಿದವು. ಮತ್ತೆ ಇಟ್ಟರು. ಈ ಸಲ ಅಂಗೈ ಇಳಿದು ಕೊನೆಗೆ ಮಣಿಕಟ್ಟು ಹೊರಳಿತು. ಒಬ್ಬಳೂ ಕದಲಲಿಲ್ಲ, ಕೈ ಒಳಗಿದೆ, ಬ್ಲೇಡು ಬರುವುದಿಲ್ಲ. ಹತ್ತು ಸಲ ಅದಲು ಬದಲು ಮಾಡಿದಳು. ಹತ್ತು ಸಲವೂ ತಪ್ಪಲಿಲ್ಲ.

ಅಧಿಕಾರಿ ಕಾಲು ಕೆಳಗಿಳಿಸಿದರು. ಮುಖ್ಯಸ್ಥೆ ಮುಂದಿಟ್ಟ ಹಾಳೆಗೆ ಸಹಿ ಹಾಕಿದರು. ಪಾಠ ಇದೇ ಆಗಲಿ ಎಂದರು. ಪೆನ್ನಿನ ಮುಚ್ಚಳ ಹಾಕುತ್ತ ಅವರು ನನ್ನ ಕಡೆಗಲ್ಲ, ಚಿಕ್ಕಮ್ಮನ ಕಡೆಗೇ ತಿರುಗಿ, ಬೇಸರ ಮಾಡ್ಕೋಬೇಡಿ ಎಂದು ಶುರು ಮಾಡಿದರು.

“ಇದರಲ್ಲಿ ಧ್ವನಿನೇ ಇಲ್ವಲ್ಲ. ನಮ್ಮ ಸೂಪರ್‌ವೈಸರ್‌ಗಳಿಗೆಲ್ಲ ಕಿವಿ ಕೇಳಿಸುತ್ತೆ. ಅವರು ಇದನ್ನ ನೋಡಿದ್ರೆ ಏನು ಮಾಡ್ಬೇಕು?”

ಕೋಣೆಯಲ್ಲಿ ಹುಡುಗಿಯರೆಲ್ಲ ಅವಳ ಕೈಗಳನ್ನೇ ನೋಡುತ್ತಿದ್ದರು. ಚಿಕ್ಕಮ್ಮ ಉತ್ತರ ಕೊಟ್ಟಳು. ಅದನ್ನು ನಾನು ಇದ್ದದ್ದು ಇದ್ದ ಹಾಗೆ ಬಾಯಲ್ಲಿ ಹೇಳಿದೆ.

“ಕಲೀಲಿ. ಇರೋದು ಹತ್ತೊಂಬತ್ತೇ.”